ಒಂದು ಸಂಘದ ಸಾಲದಷ್ಟು ಬೆವರು

2019ರ ಆಗಸ್ಟ್‌ನಲ್ಲಿ ವಯನಾಡಿನ ಮಳೆಗೆ ಕಬಿನಿ ಜಲಾಶಯ ತುಂಬಿ, ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಾಗ ಕಬಿನಿ, ಅಂದರೆ ನಮ್ಮ ಕಪಿಲೆ, ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿದಳು. ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಮುಳುಗಿತು. ಆ ವರ್ಷದ ನೆರೆಯಲ್ಲಿ ಪೂರ್ತಿ ಬಿದ್ದುಹೋದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಅದೇ ವರ್ಷ, ಅದೇ ತಾಲ್ಲೂಕಿನಲ್ಲಿ, ಯಾವ ಹೊಳೆಯೂ ಕೆಡವದೆ ಬಡತನದಿಂದಲೇ ಸೂರಿಲ್ಲದವರಿಗೆ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಸಿಗುತ್ತಿದ್ದದ್ದು 1.20 ಲಕ್ಷ. ಒಂದು ಚಿಕ್ಕ ಮನೆ ಎದ್ದು ನಿಲ್ಲಬೇಕಾದರೆ ಎಷ್ಟು ದುಡ್ಡು ಬೇಕು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ ಎಂದು ಈ ಎರಡು ಮೊತ್ತಗಳನ್ನು ಒಟ್ಟಿಗೆ ಇಟ್ಟರೆ ತಿಳಿಯುತ್ತದೆ.

ಹೆಂಗಸರು ಒಟ್ಟುಗೂಡಿ, ಕೂಲಿ ಪಡೆಯದೆ, ಬಡವರಿಗೆ ಮನೆ ಕಟ್ಟಿಕೊಡುವ ಮಾತು ಈಚೆಗೆ ನಮ್ಮ ಕಡೆಯೂ ಕೇಳಿಬರುತ್ತಿದೆ. ಕೇಳಲು ಚೆನ್ನಾಗಿದೆ. ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡೋಣ. ಅದಕ್ಕೆ ಮೊದಲು ಸರ್ಕಾರದ ಮನೆ ಹೇಗೆ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಬೇಕು.

ದೇವರಾಜ ಅರಸರ ಕಾಲದ ಜನತಾ ಮನೆಯಿಂದ ಹಿಡಿದು ಆಶ್ರಯ, ಇಂದಿರಾ ಆವಾಸ್, 2010ರ ಬಸವ ವಸತಿಯವರೆಗೆ ಹೆಸರುಗಳು ಬದಲಾಗಿವೆ. ಜನ ಈಗಲೂ ಎಲ್ಲವನ್ನೂ ‘ಗ್ರೂಪ್ ಮನೆ’ ಎಂದೋ ‘ಆಶ್ರಯ ಮನೆ’ ಎಂದೋ ಕರೆಯುತ್ತಾರೆ. ಕೇಂದ್ರದ ಈಗಿನ ಯೋಜನೆ 2016ರದು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಚದರಕ್ಕೆ ಒಂದಿಷ್ಟು ಕಡಿಮೆ. ಬಯಲು ಸೀಮೆಗೆ 1.20 ಲಕ್ಷ ಎಂದು 2016ರಲ್ಲಿ ಗೊತ್ತುಮಾಡಿದ್ದು, 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿದಾಗಲೂ ಏರಲಿಲ್ಲ. ಆ ಎಂಟು ವರ್ಷದಲ್ಲಿ ಸಿಮೆಂಟ್, ಕಬ್ಬಿಣ, ಜಲ್ಲಿಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಯಾವ ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಮೊತ್ತ ಸ್ವಲ್ಪ ಹೆಚ್ಚಿದೆ. ಅದೂ ನೆರೆಯ 5 ಲಕ್ಷದ ಹತ್ತಿರಕ್ಕೆ ಬರುವುದಿಲ್ಲ.

ಈ ದುಡ್ಡು ಒಟ್ಟಿಗೆ ಬರುವುದೂ ಇಲ್ಲ. ಪಾಯ ಮುಗಿಯಬೇಕು, ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೊ ತೆಗೆಯಬೇಕು, ಆಮೇಲೆ ರಾಜೀವ್ ಗಾಂಧಿ ವಸತಿ ನಿಗಮದಿಂದ ಖಾತೆಗೆ ಕಂತು ಬೀಳುತ್ತದೆ. ಹಾಗೆಯೇ ಲಿಂಟಲ್‌ಗೆ ಒಂದು, ಛಾವಣಿಗೆ ಒಂದು, ಪೂರ್ತಿಯಾದ ಮೇಲೆ ಒಂದು. ಕಳ್ಳ ಬಿಲ್ಲು ತಡೆಯಲು ಇದು ಒಳ್ಳೆಯ ಏರ್ಪಾಡು. ಆದರೆ ಇದರ ಒಳಗುಟ್ಟು ಒಂದಿದೆ: ಕಂತು ಬರುವುದು ಕೆಲಸ ಮುಗಿದ ಮೇಲೆ. ಕೆಲಸ ಮುಗಿಸಲು ಬೇಕಾದ ಮೊದಲ ದುಡ್ಡು ಮನೆಯವರೇ ಹೊಂದಿಸಬೇಕು. ಪಾಯಕ್ಕೆ ಸಾಲ, ಬಿಲ್ ಆದಾಗ ಅದಕ್ಕೆ ಒಂದಿಷ್ಟು ಜಮೆ, ಲಿಂಟಲ್‌ಗೆ ಮತ್ತೆ ಸಾಲ. ಲಿಂಟಲ್ ಮಟ್ಟಕ್ಕೆ ನಿಂತು, ತುಕ್ಕು ಹಿಡಿದ ಕಂಬಿಗಳು ಮೇಲಕ್ಕೆ ಚಾಚಿಕೊಂಡ ಗೋಡೆಗಳು ಯಾವ ಊರಿನಲ್ಲಿ ಇಲ್ಲ? ಮೌಲ್ಡು ಹಾಕುವ ದಿನ ಸಿಮೆಂಟು, ಕಂಬಿ, ಜಲ್ಲಿ, ಸೆಂಟ್ರಿಂಗ್ ಬಾಡಿಗೆ, ಆಳು ಎಲ್ಲವೂ ಒಂದೇ ದಿನ ದುಡ್ಡು ಕೇಳುವುದರಿಂದ ಬಡವರ ಮನೆ ಅಲ್ಲಿಯೇ ನಿಲ್ಲುತ್ತದೆ.

ಮನೆ ಹೆಂಗಸಿನ ಹೆಸರಿಗೇ ಇರಬೇಕೆಂಬುದು ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಬಹುಕಾಲದ ನಿಯಮ. ಹೆಂಡತಿ ಇಲ್ಲದವರು, ಮಾಜಿ ಸೈನಿಕರು, ಹೀಗೆ ಕೆಲವರಿಗಷ್ಟೇ ವಿನಾಯಿತಿ. ಇದೊಂದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅರ್ಧಕ್ಕೆ ನಿಂತ ಮನೆಯನ್ನು ಮುಗಿಸಲು ತಂದ ಸಾಲವೂ ಅವಳ ಹೆಸರಿಗೇ ಇರುತ್ತದೆ. ಕಿರು ಸಾಲದ ಕಂಪನಿಗಳು ಗಂಡಸರಿಗೆ ಕೊಡುವುದಕ್ಕಿಂತ ಹೆಂಗಸರ ಗುಂಪಿಗೆ ಕೊಡುವುದನ್ನೇ ಬಯಸುತ್ತವೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಿಗೆ ಬಂದು ನಿಲ್ಲುತ್ತಾರೆ. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ಕೆಲವು ಕುಟುಂಬಗಳು ವಸೂಲಿಯವರ ಕಾಟಕ್ಕೆ ಊರು ಬಿಟ್ಟ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಮರು ತಿಂಗಳೇ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಕಾನೂನು ಬಂದದ್ದು ಸರಿ. ಸಾಲ ಏಕೆ ಬೇಕಾಯಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಮದುವೆ, ಆಸ್ಪತ್ರೆ, ಬೋರ್‌ವೆಲ್ ಜೊತೆಗೆ ಮನೆಯೂ ಸಾಲಕ್ಕೆ ಒಂದು ದೊಡ್ಡ ಕಾರಣ.

ಇನ್ನು ಸ್ವಯಂಸೇವೆಯ ಕಡೆ ಬರೋಣ. ಅಮೆರಿಕದಲ್ಲಿ 1976ರಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಕಟ್ಟಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆ ಇದೆ. ಮನೆ ಬೇಕಾದ ಕುಟುಂಬ ಇಷ್ಟು ಗಂಟೆ ತಾನೂ ಮೈಮುರಿದು ದುಡಿಯಬೇಕು, ಉಳಿದ ಕೆಲಸಕ್ಕೆ ಊರವರು ಬಿಡುವಿನಲ್ಲಿ ಬಂದು ಕೈ ಹಚ್ಚಬೇಕು ಎಂಬುದು ಅದರ ಕ್ರಮ. 1991ರಲ್ಲಿ ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರದಲ್ಲಿ ಹೆಂಗಸರೇ ಸೇರಿ ಒಂದು ಮನೆ ಕಟ್ಟಿದರು. ಅಲ್ಲಿಂದ ಮಹಿಳೆಯರ ನಿರ್ಮಾಣ ತಂಡ ಒಂದು ಪ್ರತ್ಯೇಕ ಕಾರ್ಯಕ್ರಮವೇ ಆಗಿ ಬೇರೆ ಬೇರೆ ದೇಶಗಳಿಗೆ ಹಬ್ಬಿತು. 2006ರಲ್ಲಿ ಇದೇ ಸಂಸ್ಥೆಯ ಕೆಲಸಕ್ಕೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಹಾರಾಷ್ಟ್ರದ ಲೋಣಾವಳದ ಹತ್ತಿರ ಬಂದು, ನೂರು ಮನೆಗಳ ಕೆಲಸದಲ್ಲಿ ಸ್ವಯಂಸೇವಕರ ಜೊತೆ ತಾವೂ ಇಟ್ಟಿಗೆ ಇಟ್ಟರು.

ಅಮೆರಿಕದ ಹೆಂಗಸರಿಗೆ ಅದರಲ್ಲಿ ಹೊಸತೇನಿತ್ತು? ಕಟ್ಟಡದ ಕೆಲಸ ಅಲ್ಲಿ ಬಹುಮಟ್ಟಿಗೆ ಗಂಡಸರದು. ಹೆಣ್ಣು ಸುತ್ತಿಗೆ ಹಿಡಿದದ್ದೇ ಅಲ್ಲಿ ಸುದ್ದಿ. ನಮ್ಮಲ್ಲಿ ಹಾಗಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಂದ ಮೈಸೂರಿನ ಹೊಸ ಬಡಾವಣೆಗಳವರೆಗೆ ಹೆಣ್ಣಾಳು ಇಲ್ಲದೆ ಒಂದು ಗೋಡೆಯೂ ಎದ್ದಿಲ್ಲ. ಮರಳು ಜರಡಿ ಹಿಡಿಯುವುದು, ಕಲಸು ಹೊರುವುದು, ಇಟ್ಟಿಗೆ ಎತ್ತಿ ಕೊಡುವುದು, ಗೋಡೆಗೆ ನೀರು ಹೊಡೆಯುವುದು ಎಲ್ಲ ಅವಳೇ. ಕರಣೆ, ರಸಮಟ್ಟ, ತೂಗುಗುಂಡು ಮಾತ್ರ ಮೇಸ್ತ್ರಿಯ ಕೈಯಲ್ಲಿ. ಆ ಉಪಕರಣಗಳ ಭಾರ ತುಂಬಿದ ಬಾಂಡ್ಲಿಯ ಕಾಲು ಭಾಗವೂ ಇಲ್ಲ, ಆದರೂ ಅವನ್ನು ಹಿಡಿದವನ ಕೂಲಿ ಅವಳದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ನಮ್ಮ ಹೆಂಗಸರನ್ನು ಕರೆದು, ಬನ್ನಿ, ಕೂಲಿ ಇಲ್ಲದೆ ಒಂದು ದಿನ ಇಟ್ಟಿಗೆ ಹೊರೋಣ ಎಂದರೆ ಅವರು ನಗುವುದು ಸಹಜ. ಅವರು ದಿನಾ ಮಾಡುವುದೇ ಅದು.

ಸ್ವಯಂಸೇವೆಯಿಂದ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದು ಅಂದಾಜು ಹಾಕೋಣ. ಚದರಕ್ಕೆ ಒಂದೂವರೆ ಲಕ್ಷ ಎಂದು ಕೈಬಿಗಿ ಹಿಡಿದೇ ಇಟ್ಟುಕೊಂಡರೂ ಎರಡೂಮುಕ್ಕಾಲು ಚದರದ ಮನೆಗೆ ನಾಲ್ಕು ಲಕ್ಷ. ಸರ್ಕಾರದ ಕಡೆಯಿಂದ 1.20 ಲಕ್ಷ, ಉದ್ಯೋಗ ಖಾತ್ರಿಯಲ್ಲಿ ಸ್ವಂತ ಮನೆಯ ಕೆಲಸಕ್ಕೆ 90 ದಿನದ ಕೂಲಿ, 2025-26ರ 370 ರೂಪಾಯಿ ದರದಲ್ಲಿ 33,300, ಶೌಚಾಲಯಕ್ಕೆ 12,000. ಒಟ್ಟು 1,65,300. ಇನ್ನೂ 2 ಲಕ್ಷದ 35 ಸಾವಿರದಷ್ಟು ಕೊರತೆ. ಚಿಕ್ಕ ಮನೆಯಲ್ಲಿ ಸಾಮಾನು ಮೂರರಲ್ಲಿ ಎರಡು ಪಾಲು, ಕೂಲಿ ಒಂದು ಪಾಲು ಎಂಬುದು ಮೇಸ್ತ್ರಿಗಳ ಒರಟು ಲೆಕ್ಕ. ಅಂದರೆ ಕೂಲಿ 1 ಲಕ್ಷದ 30 ಸಾವಿರ. ಅದರಲ್ಲಿ ಅರ್ಧ ಮೇಸ್ತ್ರಿ, ಬಾರ್ ಬೆಂಡರ್, ಸೆಂಟ್ರಿಂಗ್‌ನವರದು. ಉಳಿದ ಅರ್ಧವನ್ನಷ್ಟೇ ನುರಿತಿಲ್ಲದ ಕೈಗಳು ಮಾಡಬಲ್ಲವು. ಎಲ್ಲವನ್ನೂ ಊರ ಹೆಂಗಸರೇ ಬಿಟ್ಟಿಯಾಗಿ ಮಾಡಿದರೂ ಉಳಿಯುವುದು 65 ಸಾವಿರದ ಆಸುಪಾಸು.

65 ಸಾವಿರ ಎಂದರೆ ಮನೆ ಅಗ್ಗವಾಯಿತು ಎಂದು ಹೇಳುವಷ್ಟಲ್ಲ. ಆದರೆ ಹೆಚ್ಚುಕಡಿಮೆ ಅದು ಒಂದು ಸಂಘದ ಸಾಲ. ವಾರವಾರ ಕಟ್ಟಬೇಕಾದ, ತಪ್ಪಿದರೆ ಬಾಗಿಲಿಗೆ ಬರುವ ಸಾಲಗಳಲ್ಲಿ ಒಂದನ್ನು ತೆಗೆಯದೆ ಇರಬಹುದು. ಹೆಂಗಸರ ಒಗ್ಗಟ್ಟಿನ ದುಡಿಮೆಯ ಬೆಲೆಯನ್ನು ಅಳೆಯಬೇಕಾದ್ದು ಹೀಗೆ ಎಂದು ನನ್ನ ಅಭಿಪ್ರಾಯ: ಎಷ್ಟು ಮನೆ ಕಟ್ಟಿದರು ಎನ್ನುವುದಕ್ಕಿಂತ ಎಷ್ಟು ಮನೆಗಳಲ್ಲಿ ಲಿಂಟಲ್ ಮತ್ತು ಮೌಲ್ಡಿನ ನಡುವೆ ಸಾಲಕ್ಕೆ ಕೈಯೊಡ್ಡುವುದು ತಪ್ಪಿತು ಎಂದು. ಬಿಡುವಿನ ದಿನ ಬಣ್ಣ ಬಳಿದು ಫೋಟೊ ತೆಗೆಸಿಕೊಂಡು ಹೋಗುವ ಕಂಪನಿ ತಂಡಗಳಿಂದ ಈ ಕೆಲಸ ಆಗದು. ಅವರ ದುಡ್ಡು ಬೇಕಾಗಬಹುದು, ಅದನ್ನು ಬೇಡ ಎನ್ನಬೇಕಿಲ್ಲ.

ಕೂಡಿ ಕಟ್ಟುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಮಣ್ಣಿನ ಗೋಡೆ, ನಾಡಹೆಂಚಿನ ಕಾಲದಲ್ಲಿ ಮುಯ್ಯಾಳಿನ ಲೆಕ್ಕದಲ್ಲೇ ಮನೆಗಳು ಎದ್ದವು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಗೋಡೆ ಮೆತ್ತುವುದು, ನೆಲ ಗಟ್ಟಿಸಿ ಸಾರಿಸುವುದು ಹೆಂಗಸರ ಪಾಲು. ಸಿಮೆಂಟು ಬಂದ ಮೇಲೆ ಮುಯ್ಯಿ ಕಟ್ಟಡದಿಂದ ಮರೆಯಾಯಿತು. ಗದ್ದೆಯಲ್ಲಿ ಅದರ ಮರಿ ಇನ್ನೂ ಬದುಕಿದೆ. ತಿ. ನರಸೀಪುರದ ನಾಲೆ ಬಯಲಿನಲ್ಲಿ ನಾಟಿ ಕೆಲಸ ಹಿಡಿಯುವ ಹೆಂಗಸರ ಗುಂಪುಗಳನ್ನು ನೋಡಿ. ಎಕರೆಗೆ ಇಷ್ಟು ಎಂದು ಮಾತಾಡಿ, ಯಾರು ಬರಬೇಕು, ಯಾರ ಗದ್ದೆ ಮೊದಲು, ದುಡ್ಡು ಹೇಗೆ ಹಂಚಬೇಕು ಎಂಬುದನ್ನೆಲ್ಲ ತಾವೇ ತೀರ್ಮಾನಿಸುತ್ತಾರೆ. ಯಾವ ಇಲಾಖೆಯ ತರಬೇತಿಯೂ ಇಲ್ಲದೆ ನಡೆಯುವ ಗುತ್ತಿಗೆ ಅದು. ನಾಲೆ ನೀರು ನಿಂತು ಗದ್ದೆ ಬಿದ್ದಿರುವ ಬೇಸಿಗೆಯ ತಿಂಗಳುಗಳೇ ಮನೆ ಕಟ್ಟುವ ಕಾಲವೂ ಆಗಿರುವುದು ಅನುಕೂಲ.

ಆದರೆ ಮುಯ್ಯಿಗೆ ಒಂದು ಗಡಿ ಇತ್ತು, ಅದನ್ನು ಮುಚ್ಚಿಡಬಾರದು. ಮುಯ್ಯಾಳು ಹೋಗುತ್ತಿದ್ದದ್ದು ತಮ್ಮ ಕೇರಿಯೊಳಗೆ. ನಂಜನಗೂಡು ತಾಲ್ಲೂಕಿನ ಬದನವಾಳು ಇದಕ್ಕೆ ಎರಡು ಬಗೆಯ ಸಾಕ್ಷಿ. ಗಾಂಧಿವಾದಿ ತಗಡೂರು ರಾಮಚಂದ್ರರಾಯರ ಕಾಲದ ಖಾದಿ ಕೇಂದ್ರ ಅಲ್ಲಿದೆ. ಗಾಂಧೀಜಿ ಬಂದು ನೋಡಿಹೋದದ್ದು, ದಲಿತ ಹೆಂಗಸರು ಚರಕ, ಮಗ್ಗದ ಮುಂದೆ ಒಟ್ಟಿಗೆ ಕೂತು ದುಡಿದದ್ದು ಅಲ್ಲಿಯೇ. 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾದದ್ದೂ ಆ ಊರಿನವರದೇ. ಈಗಿನ ಸ್ವಸಹಾಯ ಸಂಘಗಳೂ ಬಹುತೇಕ ಬೀದಿಗೊಂದು, ಅಂದರೆ ಜಾತಿಗೊಂದು. ಮೇಲಿನ ಬೀದಿಯ ಸಂಘದವರು ಕಾಲೋನಿಯ ಮನೆಗೆ ಬ್ಲಾಕ್ ಹೊತ್ತು, ಅಲ್ಲಿಯ ನೀರು ಕುಡಿದು, ಅಲ್ಲಿಯೇ ಊಟ ಮಾಡುತ್ತಾರೆಯೇ? ಸ್ವಯಂಸೇವೆ ಎಂಬ ಮಾತಿಗೆ ನಮ್ಮ ಹಳ್ಳಿಯಲ್ಲಿ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ.

ಹೆಂಗಸರು ಹೊರೆ ಹೊರುವುದನ್ನು ದಾಟಿ ಮನೆ ಕಟ್ಟುವುದರ ಯಜಮಾನಿಕೆಗೆ ಬಂದ ಉದಾಹರಣೆಗಳು ಹತ್ತಿರದಲ್ಲೇ ಇವೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ಬೀದರ್, ಕಲಬುರಗಿಯನ್ನೂ ನಡುಗಿಸಿತ್ತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತರು. ಬಿರುಕು ಬಿಟ್ಟ ಮನೆಗಳನ್ನು ಗಟ್ಟಿಗೊಳಿಸುವ ಕೆಲಸದಲ್ಲಿ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಹಳ್ಳಿಯ ಮಹಿಳಾ ಮಂಡಲಗಳಿಂದಲೇ ಹೆಂಗಸರನ್ನು ಆರಿಸಿ ‘ಸಂವಾದ ಸಹಾಯಕ’ರನ್ನಾಗಿ ನಿಲ್ಲಿಸಿತು. ಎಂಜಿನಿಯರ್ ಹೇಳಿದ್ದು ಮನೆಯವರಿಗೆ, ಮನೆಯವರ ತೊಂದರೆ ಎಂಜಿನಿಯರ್‌ಗೆ. ಮೂಲೆಗೆ ಕಂಬಿ ಸರಿಯಾಗಿ ಬಿತ್ತೇ, ಸಿಮೆಂಟು ಲೆಕ್ಕಕ್ಕೆ ಸರಿಯಿದೆಯೇ ಎಂದು ನೋಡುವುದು ಅವರ ಕೆಲಸವಾಯಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದು ನಡೆಯಿತು. ಮುಂಬೈಯ ಬೈಕಲ್ಲಾದಲ್ಲಿ ಫುಟ್‌ಪಾತ್ ಮೇಲೆ ಬದುಕುತ್ತಿದ್ದ ಹೆಂಗಸರು 1986ರಲ್ಲಿ ಮಹಿಳಾ ಮಿಲನ್ ಕಟ್ಟಿಕೊಂಡು, ಉಳಿತಾಯ ಮಾಡಿ, ತಮಗೆ ಎಂಥ ಮನೆ ಬೇಕೆಂದು ತಾವೇ ಮಾದರಿ ನಿಲ್ಲಿಸಿ ಅಧಿಕಾರಿಗಳಿಗೆ ತೋರಿಸಿದರು. ಅವರ ಜೊತೆಗೆ ನಿಂತ ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. ಜಾರ್ಖಂಡದಲ್ಲಿ ಸ್ವಚ್ಛ ಭಾರತದ ಶೌಚಾಲಯಗಳಿಗೆ ಮೇಸ್ತ್ರಿಗಳು ಸಾಲದೆ ಬಂದಾಗ ಸಾವಿರಾರು ಹೆಂಗಸರು ಕರಣೆ ಹಿಡಿದು ‘ರಾಣಿ ಮಿಸ್ತ್ರಿ’ ಆದರು. ಕಪಿಲೆ ಹುಟ್ಟುವ ಕೇರಳದಲ್ಲಿ ಕುಡುಂಬಶ್ರೀಯ ಹೆಂಗಸರ ನಿರ್ಮಾಣ ತಂಡಗಳು ಬಡವರ ಮನೆಗಳನ್ನು ಪಾಯದಿಂದ ಬೀಗದವರೆಗೆ ಗುತ್ತಿಗೆ ಹಿಡಿದು ಕಟ್ಟಿವೆ.

ಇವುಗಳಲ್ಲಿ ಬಿಟ್ಟಿ ದುಡಿಮೆ ಮುಖ್ಯವಾದದ್ದು ಎಲ್ಲಿಯೂ ಇಲ್ಲ. ರಾಣಿ ಮಿಸ್ತ್ರಿಗೆ ಕೂಲಿ ಇತ್ತು, ಕುಡುಂಬಶ್ರೀ ತಂಡಕ್ಕೆ ಗುತ್ತಿಗೆ ಹಣ ಇತ್ತು. ಬಡ ಹೆಂಗಸಿನ ಸಮಯಕ್ಕೆ ಬೆಲೆಯೇ ಇಲ್ಲ ಎಂದುಕೊಂಡು ಹಾಕಿದ ಲೆಕ್ಕ ಎಷ್ಟೇ ಚೆನ್ನಾಗಿ ಕಂಡರೂ ಅದು ಅವಳ ಒಂದು ದಿನದ ಕೂಲಿಯನ್ನು ಕಿತ್ತುಕೊಂಡೇ ಕೂಡಿದ ಲೆಕ್ಕ. ಉದ್ಯೋಗ ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬ ನಿಯಮ ಖಾಸಗಿ ಕಟ್ಟಡಗಳಲ್ಲಿ ಇನ್ನೂ ಕನಸು. ಅಲ್ಲದೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಬೇಕಾದರೆ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಸೇವೆ ಎಂದು ಬರೆದುಕೊಂಡ ದಿನಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಕೂಲಿ ಇಲ್ಲದೆ ಮಾಡಬಹುದಾದ್ದು ಯಾವುದು? ಮುಯ್ಯಿಯಂತೆ ತಿರುಗಿ ಬರುವ ಕೆಲಸ. ಒಂದೇ ಬೀದಿಯಲ್ಲಿ ಮನೆ ಮಂಜೂರಾದ ಎಂಟು ಹತ್ತು ಹೆಂಗಸರು ಒಟ್ಟಿಗೆ ಶುರು ಮಾಡಿದರೆ ಪಾಯ ತೋಡುವುದು, ಮಣ್ಣು ತುಂಬುವುದು, ನೀರು ಕಟ್ಟುವುದು ಸರದಿಯಲ್ಲಿ ನಡೆಯುತ್ತದೆ. ನೀರು ಕಟ್ಟುವುದನ್ನು ಹಗುರವಾಗಿ ಎಣಿಸಬೇಡಿ. ಈಗ ಸಿಗುವ ಬೆರಕೆ ಸಿಮೆಂಟಿಗೆ ಹತ್ತು ದಿನವಾದರೂ ತೇವ ಆರಬಾರದು. ಕೂಲಿಗೆ ಹೋಗುವ ಮನೆಯವರು ಎರಡು ದಿನ ಹೊಡೆದು ಬಿಟ್ಟರೆ ಗೋಡೆ ನಿಲ್ಲುತ್ತದೆ, ಗಟ್ಟಿ ಆಗುವುದಿಲ್ಲ. ಹತ್ತು ಮನೆಗೆ ಒಬ್ಬಳು ಸರದಿಯಲ್ಲಿ ಉಳಿದು ನೀರು ಹೊಡೆದರೆ ಉಳಿದ ಒಂಬತ್ತು ಮಂದಿ ಕೂಲಿಗೆ ಹೋಗಬಹುದು. ಸಾಮಾನು ಒಟ್ಟಿಗೆ ತರುವುದು ಇನ್ನೊಂದು. ಒಬ್ಬಳು ಹತ್ತು ಮೂಟೆ ಸಿಮೆಂಟು ಕೇಳುವುದಕ್ಕೂ ಹತ್ತು ಮನೆಗೆ ಸೇರಿಸಿ ಲಾರಿ ಲೋಡು ಕೇಳುವುದಕ್ಕೂ ಅಂಗಡಿಯವರ ಉತ್ತರ ಬೇರೆಯೇ. ಸಾಮಾನು ಮೂರರಲ್ಲಿ ಎರಡು ಪಾಲು ಎಂದೆವಲ್ಲ, ಇಲ್ಲಿ ಆಗುವ ಉಳಿತಾಯವೂ ಲೆಕ್ಕಕ್ಕೆ ಬರುತ್ತದೆ.

ಬ್ಲಾಕುಗಳನ್ನು ಊರಿನಲ್ಲೇ ಒತ್ತಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಲ್ಲೇ ಒತ್ತುವ ಯಂತ್ರದಲ್ಲಿ ಗಟ್ಟಿ ಬ್ಲಾಕ್ ಮಾಡುವ ವಿಧಾನವನ್ನು ರೂಢಿಗೆ ತಂದಿತು. ಸುಡುವ ಸೌದೆ ಬೇಡ, ಮರಳು ಕಡಿಮೆ ಸಾಕು. ಆದರೆ ಇದಕ್ಕೆ ಮರಳು ಬೆರೆತ ಕೆಂಪು ಮಣ್ಣು ಬೇಕು. ರಸಬಾಳೆ ಬೆಳೆಯುವ ನಂಜನಗೂಡಿನ ಕರಿಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಜಾತಿ. ಅದರಲ್ಲಿ ಬ್ಲಾಕ್ ಒತ್ತುವಂತಿಲ್ಲ, ಪಾಯವನ್ನೂ ಆಳಕ್ಕೆ ತೆಗೆಯಬೇಕು. ಒಂದೇ ನಕ್ಷೆ ಹಿಡಿದು ಎರಡೂ ತಾಲ್ಲೂಕಿಗೆ ಹೋಗುವ ಸಂಸ್ಥೆಗಳು ಎಡವುವುದು ಇಲ್ಲಿ. ಹೊಳೆಯ ಅಂಚಿನ ಬೀದಿಗಳಲ್ಲಂತೂ 2018 ಮತ್ತು 2019ರಲ್ಲಿ ನೀರು ನಿಂತ ಮಟ್ಟದ ಗುರುತು ಊರಿನ ಹೆಂಗಸರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಪಾಯದ ಮೇಲಿನ ಕಟ್ಟೆ ಎಷ್ಟು ಎತ್ತರ ಇರಬೇಕೆಂದು ಅವರನ್ನು ಕೇಳುವುದು ಜಾಣತನ.

ನುರಿತ ಕೆಲಸಕ್ಕೆ ದಾರಿಯೂ ಯೋಜನೆಯೊಳಗೇ ಇದೆ. ಗ್ರಾಮೀಣ ಆವಾಸ್ ಯೋಜನೆಯಡಿ ಮೇಸ್ತ್ರಿಗಳಿಗೆ 45 ದಿನದ ತರಬೇತಿ ಉಂಟು, ಅದೂ ನಿಜವಾದ ಮನೆಯೊಂದನ್ನು ಕಟ್ಟುತ್ತಲೇ ಕಲಿಸುವಂಥದು. ವರ್ಷಗಟ್ಟಲೆ ಮೇಸ್ತ್ರಿಯ ಪಕ್ಕ ನಿಂತು ಕಲಸು ಕೊಟ್ಟ ಹೆಣ್ಣಾಳಿಗೆ 45 ದಿನ ಧಾರಾಳ ಸಾಕು. ಅವಳು ನೋಡಿ ಕಲಿತದ್ದು ಆಗಲೇ ಬಹಳ ಇದೆ. ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸಲು ನೆರವಾಗಬೇಕೆಂದೂ ಅದೇ ಯೋಜನೆಯ ನಿಯಮದಲ್ಲಿದೆ. ವಾರದ ಕಂತಿನ ಕಂಪನಿಗಳಿಗೆ ಹೋಗುವ ಮೊದಲು ಈ ಬಾಗಿಲು ತಟ್ಟಬೇಕು.

ಮುಂದಿನ ಗ್ರಾಮಸಭೆಯಲ್ಲಿ ಮನೆಗಳ ಪಟ್ಟಿ ಓದುವಾಗ ಸಂಘಗಳ ಒಕ್ಕೂಟದವರು ಎದ್ದು ಕೇಳಬಹುದಾದ್ದು ಮೂರು ವಿಷಯ. ಒಂದೇ ಬೀದಿಯ ಮನೆಗಳ ಕಾರ್ಯಾದೇಶವನ್ನು ಒಟ್ಟಿಗೆ ಕೊಡಿ. ಪಾಯದ ಫೋಟೊ ತೆಗೆದ ಮೇಲೆ ಕಂತು ಎಷ್ಟು ದಿನದಲ್ಲಿ ಬರುತ್ತದೆಂದು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಮೇಸ್ತ್ರಿ ತರಬೇತಿಗೆ ಕಳಿಸುವ ಹೆಸರುಗಳಲ್ಲಿ ಅರ್ಧ ಹೆಂಗಸರದು ಇರಲಿ, ಮೇಲಿನ ಬೀದಿಯವರೂ ಕಾಲೋನಿಯವರೂ ಸೇರಿ. ಮೂರಕ್ಕೂ ಹೊಸ ಕಾಸು ಬೇಕಿಲ್ಲ. ಉತ್ತರವನ್ನು ಪಿಡಿಒ ಬಾಯಲ್ಲಿ ಹೇಳಿದರೆ ಸಾಲದು, ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.